ಮೊಬೈಲಿನಲ್ಲೇ ನಕ್ಷೆ ಇರುವಾಗ ನಕ್ಷೆ ವಿನ್ಯಾಸ ಓದುವುದೇಕೆ?

ಪ್ರಶ್ನೆ: ನಾನು ಮಂಡ್ಯದಲ್ಲಿ ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿನಿ. ಭೂಗೋಳ ಮತ್ತು ಅರ್ಥಶಾಸ್ತ್ರ ನನ್ನ ವಿಷಯಗಳು. ನಕ್ಷೆ ಬಿಡಿಸುವುದೆಂದರೆ ಚಿಕ್ಕಂದಿನಿಂದಲೂ ಇಷ್ಟ. ನಕ್ಷೆ ವಿನ್ಯಾಸ ಮತ್ತು ದತ್ತಾಂಶ ದೃಶ್ಯೀಕರಣವನ್ನೇ ಸ್ನಾತಕೋತ್ತರ ಮಟ್ಟದಲ್ಲಿ ಓದಬೇಕೆಂದಿದ್ದೇನೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ನಮಗೆ ಎರಡು ಎಕರೆ ಜಮೀನಿದೆ. 'ಮೊಬೈಲಿನಲ್ಲೇ ನಕ್ಷೆ ಸಿಗುವಾಗ ಅದನ್ನು ಎರಡು ವರ್ಷ ಓದುವುದೇನಿದೆ?' ಎಂದು ಅಪ್ಪ ಕೇಳುತ್ತಾರೆ. ನನಗೆ ಕೋಡಿಂಗ್ ಬರುವುದಿಲ್ಲ, ಗಣಿತವನ್ನು ಹತ್ತನೆಯ ತರಗತಿಗೇ ಬಿಟ್ಟೆ. ಈ ಓದು ನನ್ನ ಕೈಲಾಗುತ್ತದೆಯೇ? ಕೋರ್ಸ್ ಆಯ್ದುಕೊಳ್ಳುವಾಗ ಏನು ನೋಡಲಿ?

ಉತ್ತರ: ನಿಮ್ಮ ತಂದೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ನಿಮ್ಮ ಉಳಿದ ಪ್ರಶ್ನೆಗಳ ಗಂಟು ಅರ್ಧ ಬಿಚ್ಚಿಕೊಳ್ಳುತ್ತದೆ.

ಮುಂಗಾರು ಬಂತೆಂದರೆ ನಮ್ಮ ಸೀಮೆಯಲ್ಲಿ ಪತ್ರಿಕೆ ಬಿಡಿಸಿದವರು ಮೊದಲು ಹುಡುಕುವುದು ಕನ್ನಂಬಾಡಿ ಕಟ್ಟೆಯ, ಎಂದರೆ ಕೃಷ್ಣರಾಜಸಾಗರದ, ನೀರಿನ ಮಟ್ಟವನ್ನು. ಗರಿಷ್ಠ ಮಟ್ಟ 124.80 ಅಡಿ. ಇಂದಿನ ಮಟ್ಟ 100 ಅಡಿ ಎಂದಿಟ್ಟುಕೊಳ್ಳಿ. ಈ ಎರಡು ಸಂಖ್ಯೆಗಳನ್ನು ಯಾವ ತಂತ್ರಾಂಶಕ್ಕೆ ಕೊಟ್ಟರೂ ಕ್ಷಣದಲ್ಲಿ ಎರಡು ಕಂಬಗಳನ್ನು ನಿಲ್ಲಿಸಿಕೊಡುತ್ತದೆ. ಒಂದು ಕಂಬ ಇನ್ನೊಂದರ ಶೇಕಡ 80ರಷ್ಟು ಎತ್ತರ. ಚಿತ್ರ ಅಚ್ಚುಕಟ್ಟಾಗಿದೆ, ಸಂಖ್ಯೆಗಳು ಸರಿಯಾಗಿವೆ. ಆದರೆ ನೋಡಿದ ರೈತ 'ಕಟ್ಟೆ ಐದರಲ್ಲಿ ನಾಲ್ಕು ಪಾಲು ತುಂಬಿದೆ' ಎಂದುಕೊಂಡು ಭತ್ತದ ಒಟ್ಟಲು ಹಾಕಿದರೆ ಕೆಡುತ್ತಾನೆ. ಜಲಾಶಯ ನೆಟ್ಟಗಿನ ಗೋಡೆಯ ತೊಟ್ಟಿಯಲ್ಲ. ಅದು ಬಾಣಲೆಯ ಹಾಗೆ ಮೇಲೇರಿದಂತೆ ಅಗಲವಾಗುತ್ತದೆ. ತುಂಬಿದಾಗ 49.45 ಟಿಎಂಸಿ (ಶತಕೋಟಿ ಘನ ಅಡಿ) ನೀರು ಹಿಡಿಯುವ ಕಟ್ಟೆಯಲ್ಲಿ ಮಟ್ಟ 100 ಅಡಿಗೆ ಇಳಿದಾಗ ಉಳಿದಿರುವುದು ಅದರ ಅರ್ಧಕ್ಕಿಂತ ಕಡಿಮೆ. ಅದರಲ್ಲೂ ತಳದ ಒಂದಷ್ಟು ನೀರು ನಾಲೆಗೆ ಹರಿಯುವುದೇ ಇಲ್ಲ. ಹಾಗಾದರೆ ಮಟ್ಟವನ್ನು ತೋರಿಸಬೇಕೇ, ಸಂಗ್ರಹವನ್ನೇ, ನಾಲೆಗೆ ಬಿಡಬಹುದಾದ ನೀರನ್ನು ಮಾತ್ರವೇ? ಕಳೆದ ವರ್ಷದ ಇದೇ ದಿನದ ಜೊತೆ ಹೋಲಿಸಬೇಕೇ, ಹಲವು ವರ್ಷಗಳ ಸರಾಸರಿಯ ಜೊತೆಯೇ? ಇದನ್ನು ಮೊಬೈಲ್ ಹೇಳುವುದಿಲ್ಲ. ಇದನ್ನು ತೀರ್ಮಾನಿಸುವವರು ಒಬ್ಬರು ಬೇಕು. ಆ ತೀರ್ಮಾನ ಮಾಡುವ ವಿವೇಕವನ್ನು ಕಲಿಯಲೆಂದೇ ಎರಡು ವರ್ಷದ ಓದು. ನಿಮ್ಮ ತಂದೆಗೆ ಈ ಉದಾಹರಣೆಯನ್ನೇ ಹೇಳಿ. ನಾಲೆಯ ಕೊನೆಯಲ್ಲಿ ಜಮೀನಿರುವವರಿಗೆ ಇದನ್ನು ಎರಡು ಸಲ ವಿವರಿಸಬೇಕಾಗಿಲ್ಲ.

ನಾನು ಮೈಸೂರಿನಲ್ಲಿ ಬಹಳ ವರ್ಷ ನಕ್ಷಾಶಾಸ್ತ್ರ ಕಲಿಸಿದವನು. ಚೆನ್ನಾಗಿ ಬಿಡಿಸುವ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಬಿಡುವ ವಿದ್ಯಾರ್ಥಿಗಳೇ ಮುಂದೆ ಒಳ್ಳೆಯ ನಕ್ಷೆ ಮಾಡಿದ್ದನ್ನು ಕಂಡಿದ್ದೇನೆ. ಏನನ್ನು ಕೈಬಿಡಬೇಕು ಎಂಬುದು ಈ ವಿದ್ಯೆಯ ತಿರುಳು. ನಿಮ್ಮ ಎರಡು ಎಕರೆಯನ್ನೇ ತೆಗೆದುಕೊಳ್ಳಿ. ಜಮೀನು ಚೌಕವಾಗಿದ್ದರೆ ಒಂದು ಬದಿ ಸುಮಾರು 90 ಮೀಟರ್. ಹಳೆಯ ಗ್ರಾಮ ನಕ್ಷೆಗಳಲ್ಲಿ ರೂಢಿಯಲ್ಲಿರುವ 1:7,920 ಪ್ರಮಾಣದಲ್ಲಿ, ಎಂದರೆ ಒಂದು ಇಂಚಿಗೆ 660 ಅಡಿಯ ಲೆಕ್ಕದಲ್ಲಿ, ಅದು ಬದಿಗೆ 11 ಮಿಲಿಮೀಟರಿನ ಚೌಕ. ಸರ್ವೆ ನಂಬರ್ ಬರೆಯಲು ಜಾಗವಿದೆ, ಹಿಸ್ಸಾ ಗೆರೆಯನ್ನೂ ಎಳೆಯಬಹುದು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆಯಲ್ಲಿ ಅದೇ ಜಮೀನು ಎರಡು ಮಿಲಿಮೀಟರ್ ಕೂಡ ಇರುವುದಿಲ್ಲ. ಅಲ್ಲಿ ನಾಲೆಯನ್ನು ಅರ್ಧ ಮಿಲಿಮೀಟರ್ ದಪ್ಪದ ನೀಲಿ ಗೆರೆಯಲ್ಲಿ ಎಳೆದರೆ, ಆ ಗೆರೆ ನೆಲದ ಮೇಲೆ 25 ಮೀಟರ್ ಅಗಲವನ್ನು ನುಂಗುತ್ತದೆ. ನಿಮ್ಮೂರಿನ ಉಪನಾಲೆ ಅಷ್ಟು ಅಗಲವಿಲ್ಲವಲ್ಲ. ಆದರೂ ಹಾಗೆ ಎಳೆಯಲೇಬೇಕು, ಇಲ್ಲದಿದ್ದರೆ ನಾಲೆ ಕಾಣುವುದೇ ಇಲ್ಲ. ಹೀಗೆ ಪ್ರತಿಯೊಂದು ನಕ್ಷೆಯೂ ಒಂದನ್ನು ಹಿಗ್ಗಿಸಿ, ಒಂದನ್ನು ಕುಗ್ಗಿಸಿ, ಹತ್ತನ್ನು ಬಿಟ್ಟೇ ತಯಾರಾಗುತ್ತದೆ. ಹಾಗೆ ಬಿಟ್ಟದ್ದರಲ್ಲಿ ಓದುಗನಿಗೆ ಬೇಕಾದದ್ದು ಹೋಯಿತೇ ಎಂಬುದೊಂದೇ ನೋಡಬೇಕಾದ ವಿಚಾರ.

ಸರ್ವೇಕ್ಷಣಾ ಇಲಾಖೆಯ ಆ 1:50,000 ನಕ್ಷೆಗಳಲ್ಲಿ ಮೈಸೂರು, ಶ್ರೀರಂಗಪಟ್ಟಣ ಮತ್ತು ಕೃಷ್ಣರಾಜಸಾಗರ ಮೂರೂ 57 ಡಿ/11 ಎಂಬ ಒಂದೇ ಹಾಳೆಯಲ್ಲಿವೆ. ಮಂಡ್ಯ ನಗರ ಇರುವುದು 57 ಡಿ/14ರಲ್ಲಿ. ಈ ಎರಡು ಹಾಳೆಗಳನ್ನು ಸಂಪಾದಿಸಿ, ಒಂದು ಭಾನುವಾರ ಪೂರ್ತಿ ಅವುಗಳ ಮುಂದೆ ಕುಳಿತುಕೊಳ್ಳಿ. ನಿಮಗೆ ಗೊತ್ತಿರುವ ಯಾವ ಯಾವ ವಸ್ತು ಅಲ್ಲಿಲ್ಲ ಎಂದು ಪಟ್ಟಿ ಮಾಡಿ. ಯಾವ ಪಠ್ಯಪುಸ್ತಕಕ್ಕಿಂತ ಹೆಚ್ಚು ಕಲಿಯುತ್ತೀರಿ.

ಈಗ ಗಣಿತ. ನಿಮಗೆ ಬೇಕಾದದ್ದು ಕಲನಶಾಸ್ತ್ರವಲ್ಲ, ಭಾಗಾಕಾರ. ಯಾವುದನ್ನು ಯಾವುದರಿಂದ ಭಾಗಿಸಬೇಕು ಎಂಬ ತಿಳಿವಳಿಕೆ. 2011ರ ಜನಗಣತಿಯಲ್ಲಿ ಮೈಸೂರು ಜಿಲ್ಲೆಯ ಜನಸಂಖ್ಯೆ 30 ಲಕ್ಷ, ಮಂಡ್ಯದ್ದು 18 ಲಕ್ಷ. ಒಟ್ಟು ಸಂಖ್ಯೆಗೆ ಬಣ್ಣ ಬಳಿದರೆ ಮೈಸೂರು ಕಪ್ಪಿಟ್ಟು, ಮಂಡ್ಯ ತಿಳಿಯಾಗಿ ಕಾಣುತ್ತದೆ. ಒಂದೂವರೆ ಪಟ್ಟಿಗೂ ಮೀರಿದ ವ್ಯತ್ಯಾಸ. ವಿಸ್ತೀರ್ಣದಿಂದ ಭಾಗಿಸಿ ಚದರ ಕಿಲೋಮೀಟರಿಗೆ ಎಷ್ಟು ಜನ ಎಂದು ನೋಡಿದರೆ ಮೈಸೂರು 476, ಮಂಡ್ಯ 364; ವ್ಯತ್ಯಾಸ ಸುಮಾರು ಶೇಕಡ 31ಕ್ಕೆ ಇಳಿಯಿತು. ಇಲ್ಲಿಗೆ ಸರಿಯಾಯಿತು ಎಂದು ಬಹಳ ಮಂದಿ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಆ 476 ಎಂಬ ಸಂಖ್ಯೆ ಜಿಲ್ಲೆಯ ಯಾವ ಮೂಲೆಯಲ್ಲಿ ನಿಜ? ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಅದು ನಿಜವಲ್ಲ, ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆ ಕಾಡಿನಲ್ಲಂತೂ ನಿಜವೇ ಅಲ್ಲ. ಕಿಕ್ಕಿರಿದ ನಗರವನ್ನೂ ನಿರ್ಜನ ಕಾಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿದಾಗ ಬಂದ ಸಂಖ್ಯೆ ಅದು. ಕಾಡು, ಕೆರೆ, ಜಲಾಶಯವನ್ನು ಹೊರಗಿಟ್ಟು ಜನವಸತಿ ಇರುವ ನೆಲಕ್ಕೆ ಮಾತ್ರ ಬಣ್ಣ ಕೊಡುವ ವಿಧಾನವೊಂದಿದೆ. ಹೆಚ್ಚು ಶ್ರಮದ ಕೆಲಸ, ಆದರೆ ಪ್ರಾಮಾಣಿಕ.

ಮಂಡ್ಯದ ಏಳು ತಾಲ್ಲೂಕುಗಳ ನೀರಾವರಿ ನಕ್ಷೆಯಲ್ಲಿಯೂ ಇದೇ ತೊಡಕು. ನಾಗಮಂಗಲ ಒಣ, ಮಂಡ್ಯ ಹಸಿರು ಎಂದು ಸುಲಭವಾಗಿ ಬಣ್ಣ ಹಚ್ಚಬಹುದು. ಪಾಂಡವಪುರಕ್ಕೆ ಏನು ಮಾಡುತ್ತೀರಿ? ಒಂದೇ ತಾಲ್ಲೂಕಿನಲ್ಲಿ ನಾಲೆ ಬಯಲಿನ ಗದ್ದೆಗಳೂ ಇವೆ, ಮೇಲುಕೋಟೆಯ ಕಲ್ಲುಗುಡ್ಡದ ಒಣಭೂಮಿಯೂ ಇದೆ. ಒಂದು ಬಣ್ಣ ಹಚ್ಚಿದ ಮರುಕ್ಷಣವೇ ಮೇಲುಕೋಟೆ ಸುತ್ತಿನ ರೈತನ ಕಷ್ಟ ನಕ್ಷೆಯಿಂದ ಅಳಿಸಿಹೋಗುತ್ತದೆ. ಪರಿಹಾರದ ಹಣ, ಕೊಳವೆಬಾವಿ, ಯೋಜನೆ ಎಲ್ಲವೂ ನಕ್ಷೆಯ ಮೇಲೆ ಬೆರಳಿಟ್ಟೇ ತೀರ್ಮಾನವಾಗುವ ಕಾಲ ಇದು. ಗಡಿರೇಖೆಯನ್ನು ಎಲ್ಲಿ ಎಳೆದು ಸರಾಸರಿ ತೆಗೆದೆವು ಎಂಬುದು ಅಂಥ ಕಡೆ ಬದುಕಿನ ಪ್ರಶ್ನೆಯಾಗುತ್ತದೆ. ನಾನು ಈ ವಿಷಯವನ್ನು ಇಷ್ಟು ಹಚ್ಚಿಕೊಂಡಿರುವುದಕ್ಕೆ ಕಾರಣವೇ ಇದು.

ಕಣ್ಣು ಹೇಗೆ ಓದುತ್ತದೆ ಎಂಬುದಕ್ಕೂ ಒಂದು ಶಾಸ್ತ್ರವಿದೆ, ಅದನ್ನು ವಿಶ್ವವಿದ್ಯಾಲಯದಲ್ಲೇ ಕ್ರಮವಾಗಿ ಓದುವುದು ಒಳ್ಳೆಯದು. ಫ್ರಾನ್ಸಿನ ಜಾಕ್ ಬೆರ್ತ್ಯಾಂ 1967ರಲ್ಲಿ ನಕ್ಷೆಗಾರನ ಕೈಯಲ್ಲಿರುವ ಸಾಧನಗಳನ್ನು ಬಿಡಿಸಿಟ್ಟರು: ಸ್ಥಾನ, ಗಾತ್ರ, ಗಾಢತೆ, ನೇಯ್ಗೆ, ಬಣ್ಣ, ದಿಕ್ಕು, ಆಕಾರ. ಹೆಚ್ಚು ಕಡಿಮೆಯನ್ನು ಹೇಳಲು ಗಾತ್ರ ಮತ್ತು ಗಾಢತೆ ಒದಗುತ್ತವೆ. ಬೇರೆ ಬೇರೆ ಬಗೆಯೆಂದು ತಿಳಿಸಲು ಬಣ್ಣ ಮತ್ತು ಆಕಾರ ಒದಗುತ್ತವೆ. ಇವನ್ನು ಅದಲುಬದಲು ಮಾಡಿದರೆ ಓದುಗ ದಾರಿ ತಪ್ಪುತ್ತಾನೆ. ಕ್ಲೀವ್‌ಲೆಂಡ್ ಮತ್ತು ಮ್ಯಾಕ್‌ಗಿಲ್ ಎಂಬ ಅಮೆರಿಕದ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1984ರಲ್ಲಿ ಪ್ರಯೋಗ ಮಾಡಿ, ಒಂದೇ ಅಳತೆಗೆರೆಯ ಮೇಲಿನ ಸ್ಥಾನವನ್ನು ನಾವು ಅತಿ ನಿಖರವಾಗಿ ಹೋಲಿಸುತ್ತೇವೆ, ಆಮೇಲೆ ಉದ್ದ, ಕೋನ, ವಿಸ್ತೀರ್ಣ ಎಂದು ಇಳಿಯುತ್ತಾ ಬರುತ್ತೇವೆ ಎಂದು ತೋರಿಸಿದರು. ವೃತ್ತವನ್ನು ಹೋಳು ಮಾಡಿದ ಚಿತ್ರಕ್ಕಿಂತ ಸಾಲು ಚುಕ್ಕಿಗಳ ಚಿತ್ರ ಬೇಗ ಓದಿಸಿಕೊಳ್ಳುವುದು ಇದರಿಂದಲೇ.

ಆದರೆ ಪುಸ್ತಕದ ಕಣ್ಣು ಬೇರೆ, ಊರಿನ ಕಣ್ಣು ಬೇರೆ. ವರ್ಷಗಳ ಹಿಂದೆ ಕುಡಿಯುವ ನೀರಿನ ಒಂದು ನಕ್ಷೆಯನ್ನು ಹಳ್ಳಿಯ ಸಭೆಯಲ್ಲಿ ಗೋಡೆಗೆ ಅಂಟಿಸಿದ್ದೆ. ನೀರು ಸಾಲದ ಕಡೆ ಕೆಂಪು, ಸಾಕಾದ ಕಡೆ ಹಸಿರು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ತುಂಬ ಹೊತ್ತು ನೋಡಿ, 'ಸ್ವಾಮಿ, ನಮ್ಮ ಕಡೆ ಕೆಮ್ಮಣ್ಣು ಇಷ್ಟಿಲ್ಲವಲ್ಲ?' ಎಂದು ಕೇಳಿದರು. ಅವರು ಅದನ್ನು ಮಣ್ಣಿನ ನಕ್ಷೆಯೆಂದು ಓದಿದ್ದರು. ಬದುಕಿಡೀ ಮಣ್ಣನ್ನೇ ನೋಡಿದ ಕಣ್ಣಿಗೆ ಕೆಂಪು ಎಂದರೆ ಅಪಾಯವಲ್ಲ, ಕೆಮ್ಮಣ್ಣು. ಅವರ ಪಕ್ಕದಲ್ಲಿದ್ದ ಇನ್ನೊಬ್ಬರಿಗೆ ಕೆಂಪು ಹಸಿರುಗಳ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ಗಂಡಸರಲ್ಲಿ ಈ ಬಣ್ಣಗುರುಡು ಅಪರೂಪವೇನಲ್ಲ. ಅಂದಿನಿಂದ ನಾನು ಹೆಚ್ಚು ಕಡಿಮೆಯನ್ನು ಒಂದೇ ಬಣ್ಣದ ತಿಳಿಯಿಂದ ಗಾಢದವರೆಗೆ ತೋರಿಸುತ್ತೇನೆ. ಪೆನ್ಸಿಲ್ವೇನಿಯಾದ ಸಿಂಥಿಯಾ ಬ್ರೂವರ್ ಅವರ ಕಲರ್‌ಬ್ರೂವರ್ ಎಂಬ ಉಚಿತ ಜಾಲತಾಣದಲ್ಲಿ, ಬಣ್ಣಗುರುಡು ಇರುವವರಿಗೂ ಕಾಣುವ ಬಣ್ಣಸಾಲುಗಳನ್ನು ಆರಿಸಿಕೊಳ್ಳಬಹುದು. ಬಣ್ಣ ಆರಿಸಿದ ಮೇಲೆ ಊರಿನ ನಾಲ್ಕು ಜನರಿಗೆ ತೋರಿಸಿ, 'ಇದರಲ್ಲಿ ಏನು ಕಾಣುತ್ತದೆ?' ಎಂದಷ್ಟೇ ಕೇಳಿ. ಉತ್ತರ ಬರುವವರೆಗೆ ನೀವು ಬಾಯಿ ತೆರೆಯಬೇಡಿ.

ಇನ್ನು ನನಗೆ ಬಹಳ ಪ್ರಿಯವಾದ, ಯಾವ ಪಠ್ಯಕ್ರಮದಲ್ಲಿಯೂ ಸಾಲುವಷ್ಟು ಕಲಿಸದ ವಿಷಯಕ್ಕೆ ಬರುತ್ತೇನೆ: ನಕ್ಷೆಯ ಮೇಲಿನ ಕನ್ನಡ ಅಕ್ಷರ.

ನಕ್ಷೆಯಲ್ಲಿ ಹೆಸರು ಬರೆಯುವ ನಿಯಮಗಳೆಲ್ಲ ರೋಮನ್ ಲಿಪಿಗಾಗಿ ಹುಟ್ಟಿದವು. ದೊಡ್ಡ ಊರಿಗೆ ದೊಡ್ಡಕ್ಷರ, ನದಿ ಕೆರೆಗಳಿಗೆ ಓರೆಯಕ್ಷರ, ವಿಶಾಲವಾದ ಪ್ರದೇಶದ ಹೆಸರನ್ನು ಅಕ್ಷರಗಳ ನಡುವೆ ಜಾಗ ಬಿಟ್ಟು ಹರಡುವುದು. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವಿಲ್ಲ. ಓರೆಯಕ್ಷರದ ಸಂಪ್ರದಾಯವಿಲ್ಲ, ಯಂತ್ರ ಬಾಗಿಸಿಕೊಟ್ಟದ್ದು ಬಿದ್ದುಹೋಗುವಂತೆ ಕಾಣುತ್ತದೆ. ಹರಡಲು ಹೋದರೆ ಕೆಲವು ತಂತ್ರಾಂಶಗಳು ಒತ್ತಕ್ಷರವನ್ನು ಕಿತ್ತು ಪಕ್ಕಕ್ಕಿಡುತ್ತವೆ. 'ಶ್ರೀರಂಗಪಟ್ಟಣ' ಎಂದು ಬರೆದು ನೋಡಿ: ಮೇಲೆ ಗುಡಿಸು, ಕೆಳಗೆ ಟಕಾರದ ಒತ್ತು. ಆ ಒತ್ತು ಕೆಳಗಿನ ಕಾವೇರಿಯ ಗೆರೆಗೆ ತಾಗುತ್ತದೆ. ಪಕ್ಕದ 'ಬನ್ನೂರು' ಬೇರೆಯೇ ಎತ್ತರ. ಆದ್ದರಿಂದ ಕನ್ನಡ ನಕ್ಷೆಯಲ್ಲಿ ಊರುಗಳ ಮಹತ್ವವನ್ನು ಅಕ್ಷರದ ಗಾತ್ರ ಮತ್ತು ದಪ್ಪದಿಂದ ಹೇಳಬೇಕು, ನೀರನ್ನು ನೀಲಿ ಬಣ್ಣದಿಂದಲೇ ಗುರುತಿಸಬೇಕು, ಹೆಸರಿನ ಕೆಳಗೆ ಒತ್ತಿಗೆಂದು ಹೆಚ್ಚು ಜಾಗ ಬಿಡಬೇಕು, ಹರಡುವಾಗ ಇಡೀ ಅಕ್ಷರವನ್ನು ಅದರ ಒತ್ತಿನ ಸಮೇತ ಒಂದು ಘಟಕವಾಗಿ ಸರಿಸಬೇಕು. ಈ ಅನುಭವವನ್ನು ಯಾರೂ ಇನ್ನೂ ಪೂರ್ತಿಯಾಗಿ ನಿಯಮವಾಗಿಸಿಲ್ಲ. ನಿಮ್ಮ ಪ್ರಬಂಧಕ್ಕೆ ವಿಷಯ ಬೇಕಿದ್ದರೆ ಇಲ್ಲಿದೆ.

ಹೆಸರಿನ ಶುದ್ಧಿ ಇದಕ್ಕಿಂತ ದೊಡ್ಡ ಕೆಲಸ. ಮಳವಳ್ಳಿ ಇಂಗ್ಲಿಷಿಗೆ ಹೋಗಿ ಯಂತ್ರದ ಮೂಲಕ ಕನ್ನಡಕ್ಕೆ ವಾಪಸು ಬರುವಷ್ಟರಲ್ಲಿ 'ಮಲವಲ್ಲಿ' ಆಗಿರುತ್ತದೆ. ನಂಜನಗೂಡಿನ ಕಳಲೆಯ ಳಕಾರಕ್ಕೂ ಅದೇ ಗತಿ. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಗ್ರಾಮಗಳ ಪಟ್ಟಿಗಳು ಕಚೇರಿಗಳಲ್ಲಿ ರಾಶಿ ಬಿದ್ದಿವೆ. ಅವನ್ನು ಎಲ್ಲ ಯಂತ್ರಗಳೂ ಓದಬಲ್ಲ ಯುನಿಕೋಡ್ ಸಂಕೇತಕ್ಕೆ ತಂದು ಒಂದೊಂದಾಗಿ ತಾಳೆ ನೋಡಬೇಕು. ಊರಿನ ಹೆಸರು ಸರಿಯಾಗಿ ಗೊತ್ತಿರುವುದು ಆ ಊರಿನವರಿಗೆ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯಲ್ಲಿ ಪ್ರತಿ ಸ್ಥಳಕ್ಕೂ ಕನ್ನಡ ಹೆಸರನ್ನು ಪ್ರತ್ಯೇಕವಾಗಿ ಸೇರಿಸಬಹುದು. ನಿಮ್ಮ ಹೋಬಳಿಯ ಊರುಗಳಿಂದ ಇಂದೇ ಆರಂಭಿಸಿ. ಸ್ವಾತಂತ್ರ್ಯಾನಂತರ ಎಸ್.ಪಿ. ಚಟರ್ಜಿಯವರ ನೇತೃತ್ವದಲ್ಲಿ ಕೋಲ್ಕತ್ತದಲ್ಲಿ ರಾಷ್ಟ್ರೀಯ ಅಟ್ಲಾಸ್ ಸಂಸ್ಥೆ 1956ರಲ್ಲಿ ಸ್ಥಾಪನೆಯಾದಾಗ, ಮರುವರ್ಷ ಹೊರಬಂದ ದೇಶದ ಮೊದಲ ರಾಷ್ಟ್ರೀಯ ಅಟ್ಲಾಸ್ ಹಿಂದಿಯಲ್ಲಿತ್ತು. ದೇಶಭಾಷೆಯಲ್ಲಿ ಗಂಭೀರ ನಕ್ಷೆ ಮಾಡಲಾಗದು ಎಂದು ಹೇಳುವವರಿಗೆ ಅದು ಆಗಲೇ ಉತ್ತರ ಕೊಟ್ಟಿದೆ.

ಕೋಡಿಂಗ್ ಬಗ್ಗೆ ಹೆಚ್ಚು ಹೆದರಬೇಡಿ. ಕ್ಯೂಜಿಐಎಸ್ ಎಂಬ ತಂತ್ರಾಂಶ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ, ಒಂದು ಸಾಲು ಕೋಡ್ ಇಲ್ಲದೆ ಒಳ್ಳೆಯ ನಕ್ಷೆ ಮಾಡಿಕೊಡುತ್ತದೆ. ಒಂದೇ ಕೆಲಸವನ್ನು ಇನ್ನೂರು ಗ್ರಾಮಗಳಿಗೆ ಮತ್ತೆ ಮತ್ತೆ ಮಾಡಬೇಕಾಗಿ ಬಂದಾಗ ನಿಮಗೇ ಪೈಥಾನ್ ಅಥವಾ ಆರ್ ಎಂಬ ಕೋಡಿಂಗ್ ಭಾಷೆ ಬೇಕೆನಿಸುತ್ತದೆ. ಆಗ ಕಲಿತದ್ದು ಕೈಗೆ ಹತ್ತುತ್ತದೆ. ಒಂದು ಎಚ್ಚರಿಕೆ ಮಾತ್ರ ಈಗಲೇ ಹೇಳುತ್ತೇನೆ. ಹಳೆಯ ಹಾಳೆಗಳು ಎವರೆಸ್ಟ್ ಎಂಬ ಭೂಮಾದರಿಯ ಮೇಲೆ, ಮೊಬೈಲಿನ ಜಿಪಿಎಸ್ ಡಬ್ಲ್ಯುಜಿಎಸ್ 84 ಎಂಬ ಮಾದರಿಯ ಮೇಲೆ ನಿಂತಿವೆ. ಹೊಂದಿಸದೆ ಒಂದರ ಮೇಲೊಂದು ಇಟ್ಟರೆ ಕೆರೆ ಏರಿ ಗದ್ದೆಯ ನಡುವೆ ಬಂದು ಕೂರುತ್ತದೆ. ನಮ್ಮ ಎರಡೂ ಜಿಲ್ಲೆಗಳು ಯುಟಿಎಂ ಎಂಬ ನಿರ್ದೇಶಾಂಕ ಪದ್ಧತಿಯ 43 ಉತ್ತರ ವಲಯಕ್ಕೆ ಸೇರಿದವು ಎಂಬುದನ್ನು ಬಾಯಿಪಾಠ ಮಾಡಿಕೊಳ್ಳಿ.

ಎಲ್ಲಿ ಓದಬೇಕು ಎಂಬುದಕ್ಕೆ ಉತ್ತರ ಚಿಕ್ಕದು. ಪದವಿಯಲ್ಲಿ ಭೂಗೋಳ ಓದಿರುವುದರಿಂದ ಮಾನಸಗಂಗೋತ್ರಿಯ ಭೂಗೋಳ ಅಧ್ಯಯನ ವಿಭಾಗ ನಿಮಗೆ ಹತ್ತಿರದ, ಸಹಜವಾದ ದಾರಿ. ವಿನ್ಯಾಸದ ಕಡೆಗೇ ಮನಸ್ಸು ಎಳೆದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಮಾಹಿತಿ ವಿನ್ಯಾಸವನ್ನು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುತ್ತಾರೆ, ಪ್ರವೇಶ ಪರೀಕ್ಷೆ ಬರೆಯಬೇಕು. ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ ಉಪಗ್ರಹ ಚಿತ್ರಗಳ ಓದಿಗೆ ಹೆಸರಾದದ್ದು. ಅದು ನಡೆಸುವ ಉಚಿತ ಆನ್‌ಲೈನ್ ಪಾಠಗಳನ್ನು ನೀವು ಮನೆಯಲ್ಲೇ ಕುಳಿತು ಮುಗಿಸಬಹುದು. ಹೊರದೇಶದ ಕನಸಿದ್ದರೆ ಮ್ಯೂನಿಕ್, ವಿಯೆನ್ನಾ, ಡ್ರೆಸ್ಡನ್ ಮತ್ತು ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯಗಳು ಒಟ್ಟಾಗಿ ನಡೆಸುವ ನಕ್ಷಾಶಾಸ್ತ್ರದ ಸ್ನಾತಕೋತ್ತರ ಕೋರ್ಸ್ ಇದೆ. ಅರ್ಹತೆಯ ನಿಯಮಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ಪ್ರಕಟಣೆ ನೋಡಿಯೇ ಅರ್ಜಿ ಹಾಕಿ.

ಆಯ್ಕೆ ಮಾಡುವಾಗ ಮಾತ್ರ ಪರಿಚಯ ಪತ್ರದಲ್ಲಿ ಎಷ್ಟು ತಂತ್ರಾಂಶಗಳ ಹೆಸರಿದೆ ಎಂದು ಎಣಿಸಬೇಡಿ. ನೇರವಾಗಿ ವಿಭಾಗಕ್ಕೆ ಹೋಗಿ, ಹಿಂದಿನ ವರ್ಷಗಳ ವಿದ್ಯಾರ್ಥಿಗಳ ಪ್ರಬಂಧಗಳನ್ನು ತೋರಿಸಿ ಎಂದು ಕೇಳಿ. ಅದರೊಳಗಿನ ನಕ್ಷೆಗಳನ್ನು ನೋಡಿ. ಎಲ್ಲ ನಕ್ಷೆಗಳಲ್ಲೂ ತಂತ್ರಾಂಶ ತಾನಾಗಿ ಕೊಟ್ಟ ಬಣ್ಣಗಳೇ ಇದ್ದರೆ, ಅಲ್ಲಿ ಯಾರೂ ವಿದ್ಯಾರ್ಥಿಯ ಪಕ್ಕ ಕುಳಿತು 'ಇದೇಕೆ ಹೀಗೆ?' ಎಂದು ಕೇಳಿಲ್ಲ ಎಂದರ್ಥ. ಕ್ಷೇತ್ರಕಾರ್ಯಕ್ಕೆ ಸಾಕಷ್ಟು ದಿನ ಕೊಡುತ್ತಾರೆಯೇ, ನಕ್ಷೆಯನ್ನು ಗೋಡೆಗೆ ಹಾಕಿ ಎಲ್ಲರೂ ಟೀಕಿಸುವ ತರಗತಿ ಇದೆಯೇ, ಕಾಗದದ ಮೇಲೆ ಮುದ್ರಿಸಿ ನೋಡುತ್ತಾರೆಯೇ? ಈ ಮೂರಕ್ಕೂ ಹೌದು ಎಂಬ ಉತ್ತರ ಬಂದ ಕಡೆ ಕಟ್ಟಡ ಹಳೆಯದಾದರೂ ಸೇರಿಕೊಳ್ಳಿ.

ನಮ್ಮ ನೆಲದ ಚರಿತ್ರೆಯಲ್ಲೇ ಇದರ ಎರಡೂ ಮುಖಗಳಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷ್ ಸೈನ್ಯದಲ್ಲಿದ್ದ ವಿಲಿಯಂ ಲ್ಯಾಂಬ್ಟನ್, 1802ರಲ್ಲಿ ಮದರಾಸಿನಿಂದ ತ್ರಿಕೋನಗಳನ್ನು ಅಳೆಯುತ್ತಾ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯನ್ನು ಆರಂಭಿಸಿದರು. ಅದೇ ಯುದ್ಧದಲ್ಲಿದ್ದ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನು ಅಳೆಯಲು ನೇಮಕಗೊಂಡು, ಕಾವಲಿ ಬೊರಯ್ಯನಂಥ ಸ್ಥಳೀಯ ಸಹಾಯಕರ ಜೊತೆ ಊರೂರಿನ ಶಾಸನ, ಕೈಫಿಯತ್ತು (ಊರಿನ ವೃತ್ತಾಂತ), ಕೆರೆ, ಕಾಲುವೆಗಳನ್ನೂ ಕೇಳಿ ಬರೆದುಕೊಂಡರು. ಅವರು ಅಳೆದದ್ದು ಆಳುವವರಿಗಾಗಿ ಎಂಬುದನ್ನು ಮರೆಯಬಾರದು. ಆದರೆ ಕೋನವನ್ನು ಅಳೆಯುವ ಕೈ ಮತ್ತು ಊರಿನವರನ್ನು ಕೇಳುವ ಕಿವಿ ಎರಡೂ ಬೇಕೆಂಬುದು ಅಂದೇ ಸ್ಪಷ್ಟವಾಗಿತ್ತು. ನಿಮ್ಮ ಕೋರ್ಸ್ ಮೊದಲನೆಯದನ್ನು ಖಂಡಿತ ಕಲಿಸುತ್ತದೆ. ಎರಡನೆಯದನ್ನು ನೀವೇ ಉಳಿಸಿಕೊಳ್ಳಬೇಕು.

ಕೆಲಸದ ಮಾತು. ನಗರ ಯೋಜನೆ, ನೀರಾವರಿ, ಅರಣ್ಯ, ವಿಪತ್ತು ನಿರ್ವಹಣೆ, ಪತ್ರಿಕೆ ಎಲ್ಲ ಕಡೆ ಈ ವಿದ್ಯೆ ಬೇಕು. 2021ರಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ಮೇಲಿದ್ದ ಬಹಳಷ್ಟು ನಿರ್ಬಂಧಗಳನ್ನು ಸಡಿಲಿಸಿದ ಮೇಲೆ ಖಾಸಗಿ ಸಂಸ್ಥೆಗಳೂ ಈ ಕೆಲಸಕ್ಕಿಳಿದಿವೆ. ಆರಂಭದಲ್ಲಿ ಉಪಗ್ರಹ ಚಿತ್ರದ ಮೇಲೆ ದಿನವಿಡೀ ಮನೆ, ರಸ್ತೆಗಳನ್ನು ಗೆರೆಯಲ್ಲಿ ತುಂಬುವ ಕೆಲಸ ಸಿಗಬಹುದು. ಕೈ ಪಳಗುತ್ತದೆ, ಆರು ತಿಂಗಳು ಮಾಡಿ. ಅಲ್ಲೇ ವರ್ಷಗಟ್ಟಲೆ ಉಳಿದರೆ ನಿಮ್ಮ ತೀರ್ಮಾನಶಕ್ತಿ ಬಾಡುತ್ತದೆ.

ಕೊನೆಯದಾಗಿ, ಪ್ರವೇಶಕ್ಕೆ ಮೊದಲು ನೀವೇ ಒಂದು ನಕ್ಷೆ ಮಾಡಿ. ನಾಲೆಗೆ ನೀರು ಬಿಡುವ ದಿನ ಪ್ರಕಟವಾದ ಕೂಡಲೇ ಒಂದು ನೋಟ್ ಪುಸ್ತಕ ಹಿಡಿಯಿರಿ. ನಿಮ್ಮ ಉಪನಾಲೆಯ ಮೇಲಿನ ಪ್ರತಿ ತೂಬಿಗೆ ನೀರು ತಲುಪಿದ ದಿನವನ್ನು ನೀರುಗಂಟಿಯನ್ನೂ ಅಕ್ಕಪಕ್ಕದ ರೈತರನ್ನೂ ಕೇಳಿ ಬರೆದುಕೊಳ್ಳಿ. ಯಾವ ಕಚೇರಿಯ ಕಡತದಲ್ಲಿಯೂ ನಿಮಗೆ ಈ ದತ್ತಾಂಶ ಇಷ್ಟು ನಂಬಿಕೆಯಿಂದ ಸಿಗಲಾರದು. ಗ್ರಾಮ ನಕ್ಷೆಯ ಮೇಲೆ ತೂಬುಗಳನ್ನು ಗುರುತಿಸಿ, ಬೇಗ ತಲುಪಿದ ಕಡೆ ತಿಳಿ ನೀಲಿ, ತಡವಾದಂತೆ ಗಾಢ ನೀಲಿ ಹಚ್ಚಿ. ಊರಿನ ಹೆಸರುಗಳನ್ನು ಕನ್ನಡದಲ್ಲಿ ಬರೆಯಿರಿ. ಮುಗಿದ ಮೇಲೆ ಏನನ್ನೂ ವಿವರಿಸದೆ ಅದನ್ನು ನಿಮ್ಮ ತಂದೆಯ ಮುಂದಿಟ್ಟು, ನಿಮ್ಮ ಎರಡು ಎಕರೆಯ ಮೇಲೆ ಬೆರಳಿಡಲು ಅವರಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಗಮನಿಸಿ.